ಗುಳಿಗೆ ಕಡಿಗಾದ ವಾರ

ಸುಂದರವ್ವ ಚಿಗವ್ವ ಪಡಸಾಲೆಯಲ್ಲಿ ನಕ್ಕರೆ ಯರಗಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡಬೇಕು, ಅಂಥ ನಗು. ನನ್ನ ಅವ್ವನ ತಂಗಿ. ಅವಳ ಮನೆಯಲ್ಲಿದ್ದುಕೊಂಡೇ ನಾನು ಹೈಸ್ಕೂಲು ಮುಗಿಸಿದೆ. ರೊಟ್ಟಿ ಬಡಿಯುತ್ತಲೇ ಮನೆಮಂದಿಯನ್ನೆಲ್ಲ ಅಣಕಿಸಿ ನಗಿಸುತ್ತಿದ್ದಳು.

ಎಪ್ಪತ್ತರ ದಶಕದ ಮೊದಲಿಗೇ, ನಲವತ್ತು ದಾಟಿದ್ದಾಗ, ಗಡ್ಡೆಯಾಗಿ ಅವಳ ಗರ್ಭಚೀಲವನ್ನೂ ಅಂಡಾಶಯಗಳನ್ನೂ ತೆಗೆದರು. ಗಾಯ ಮಾಯುತ್ತಲೇ ಶುರು ಮಾಡಲು ಬೈಲಹೊಂಗಲದ ಡಾಕ್ಟರಬಾಯಿ ಹಾರ್ಮೋನಿನ ಗುಳಿಗೆ ಕೊಟ್ಟಿದ್ದರು. ಆದರೆ ಚಿಗವ್ವನಿಗೆ ಚಳಿಗಾಲದಲ್ಲೂ ಮೈಯೆಲ್ಲ ಬೆಂಕಿ, ಬೆವರು.

"ಮೊದಲ ಉಷ್ಣ ಆಗೇತಿ. ಅದರ ಮ್ಯಾಲ ಗುಳಿಗಿ ಅಂದ್ರ ಇನ್ನಷ್ಟು ಉಷ್ಣ. ಮೈ ತಣ್ಣಗಾಗಲಿ, ಆಮ್ಯಾಲ ತಗೊಳ್ಳುವಂತಿ" ಎಂದು ಅವಳ ಅತ್ತೆ ಗುಳಿಗೆಯನ್ನು ಎತ್ತಿಟ್ಟು ಮಜ್ಜಿಗೆ ಕುಡಿಸಿದರು. ತಿಂಗಳುಗಳು ಹೋದವು. ನಿದ್ದೆ ಹೋಯಿತು, ನಗು ಹೋಯಿತು. ಒಂದು ಮುಂಜಾನೆ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಗೋಡೆಗೆ ಒರಗಿ, "ನನ್ನ ಕಥೀ ಮುಗೀತು ಬಿಡವಾ" ಎಂದು ಅತ್ತಳು. ನನಗೆ ತಡೆಯಲಾಗಲಿಲ್ಲ. ಅವಳನ್ನು ಬಸ್ಸು ಹತ್ತಿಸಿ ಬೈಲಹೊಂಗಲಕ್ಕೆ ಕರೆದೊಯ್ದೆ.

ಡಾಕ್ಟರಬಾಯಿಗೆ ಸಿಟ್ಟು ಬಂತು. "ಗುಳಿಗಿ ತಗೊಳ್ಳದ್ದಕ್ಕ ಮೈ ಉರಿಯಾಕ ಹತ್ತೇತ್ರಿ. ಐವತ್ತರ ಹೊತ್ತಿಗೆ ಮುಟ್ಟು ನಿಂತಾಗ ಬರೂದು ನಿಮಗ ಈಗ ಒಮ್ಮೆಲೇ ಬಂದೈತಿ. ಇವತ್ತ ಶುರು ಮಾಡ್ರಿ. ಮೂರು ವಾರ ತಗೋರಿ, ಒಂದು ವಾರ ಬಿಡ್ರಿ. ಐವತ್ತರ ತನಕ ನಡೀಲಿ, ನಡುನಡುವ ಬಂದು ತೋರಸ್ರಿ."

ಕೆಲವು ತಿಂಗಳಲ್ಲೇ ಮೈ ತಣ್ಣಗಾಯಿತು. ನಗು ಬಂತು, ಅದರ ಜೊತೆಗೆ ಕಿತಾಪತಿಯೂ ಬಂತು. ಹೆಂಗಸು ಮುಟ್ಟಾದರೆ ನಮ್ಮಲ್ಲಿ 'ಕಡಿಗಾಗ್ಯಾಳ' ಎನ್ನುತ್ತಾರೆ. ಆ ದಿನಗಳಲ್ಲಿ ಒಲೆ ಮುಟ್ಟುವಂತಿಲ್ಲ. ಆಪರೇಶನ್ ಆದಮೇಲೆ ಚಿಗವ್ವನಿಗೆ ಆ ಬಿಡುವೂ ತಪ್ಪಿಹೋಗಿತ್ತು. ಹಾಗಾಗಿ ಗುಳಿಗೆ ಬಿಡುವ ವಾರ ಬಂದದ್ದೇ, ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಳು.

"ಯಾಕ ಸುಂದ್ರವ್ವಾ, ರೊಟ್ಟಿ ಮಾಡೂದಿಲ್ಲೇನು?" ಅತ್ತೆ ಕೇಳಿದರು.

"ಗುಳಿಗಿ ಕಡಿಗಾಗ್ಯಾವ್ರಿ ಅತ್ತಿ."

"ವಾರಗಟ್ಲೆ ಏನು?"

"ಡಾಕ್ಟರಬಾಯಿ ವಾರ ಅಂತ ಹೇಳ್ಯಾರ್ರಿ."

ಅತ್ತೆ ತಬ್ಬಿಬ್ಬಾಗಿ ತಾವೇ ಒಲೆಯ ಮುಂದೆ ಕುಳಿತರು. ಅಂಥ ಗುಳಿಗೆ ತಮಗೂ ಸಿಗಬಹುದೇ ಎಂದು ಓಣಿಯ ಸೊಸೆಯಂದಿರು ಬಂದು ವಿಚಾರಿಸಿದ್ದೇ ವಿಚಾರಿಸಿದ್ದು! ನನ್ನ ಚಿಗವ್ವನ ತಲೆಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಆಮೇಲೆ ನಾನು ಮದುವೆಯಾಗಿ ರಾಮದುರ್ಗಕ್ಕೆ ಹೋದೆ. ಅವಳನ್ನು ಕಡೆಯ ಸಲ ಕಂಡದ್ದು ಆ ದಶಕ ಮುಗಿಯುವ ಹೊತ್ತಿಗೆ. ಐವತ್ತಾಯಿತೆಂದು ಡಾಕ್ಟರಬಾಯಿ ಗುಳಿಗೆ ನಿಲ್ಲಿಸಿದ್ದರು. ಹೇಗಿದ್ದಾಳೋ ಎಂದು ಹೆದರಿಕೊಂಡೇ ಹೋಗಿದ್ದೆ. ಚಿಗವ್ವ ಅಂಗಳದಲ್ಲಿ ಕುಳಿತು ಕೂದಲು ಬಾಚಿಕೊಳ್ಳುತ್ತಿದ್ದಳು. ಕಿವಿಯ ಹತ್ತಿರ ಬೆಳ್ಳಗಾಗಿತ್ತು.

"ಹೆಂಗದೀ ಚಿಗವ್ವಾ?"

"ಮುದುಕಿ ಆಗಾಕ ಹತ್ತೇನಿ ನೋಡವಾ" ಎಂದಳು ಖುಷಿಯಿಂದ. "ಎಲ್ಲಾರ ಗತೆ, ನನ್ನ ಹೊತ್ತಿಗೆ."