ಹಿಂದಿನ ಸೀಟು

ನಮ್ಮ ಆಫೀಸಿನ ಹೆಡ್ ಕ್ಲಾರ್ಕಿಗೆ ನಾವಿಟ್ಟ ಹೆಸರು ‘ನೋಡೋಣ’. ಕಾಫಿಯೋ ಟೀಯೋ ಅಂತ ಕೇಳಿದರೂ ಅವರ ಬಾಯಿಂದ ಮೊದಲು ಬರುವುದು ಅದೇ ಮಾತು. ಓಡಾಡೋಕೆ ಎಲೆಕ್ಟ್ರಿಕ್ ಬೈಕ್ ತಗೋತೀನಿ ಅಂತ ಅವರು ಹೊರಟ ಮೇಲಂತೂ ಆಫೀಸು ಕೆಂಪು ಬೈಕಿನ ಪಕ್ಷ, ಬೂದು ಬೈಕಿನ ಪಕ್ಷ ಎಂದು ಎರಡು ಹೋಳಾಯಿತು. ಕೆಂಪು ಪಕ್ಷದವರು ವೇಗ ಹೊಗಳಿದರೆ ಇವರು ತಲೆದೂಗುತ್ತಾರೆ. ಬೂದು ಪಕ್ಷದವರು ಬ್ಯಾಟರಿ ಹೊಗಳಿದರೂ ಅಷ್ಟೇ ಶ್ರದ್ಧೆಯಿಂದ ತಲೆದೂಗುತ್ತಾರೆ. ಶನಿವಾರ ಬಂತೆಂದರೆ ಶೋರೂಮಿನಲ್ಲಿ ಹಾಜರು. ಅವರನ್ನು ದೂರದಿಂದ ಕಂಡೊಡನೆ ಸೇಲ್ಸ್‌ನವನಿಗೆ ಬಾಯಾರಿಕೆಯಾಗುತ್ತದೆ, ಒಳಗೆ ಹೋಗಿಬಿಡುತ್ತಾನೆ. ಸಿಕ್ಕಿಬಿದ್ದ ದಿನ, "ನೀವೇ ಒಂದು ರೌಂಡ್ ಓಡಿಸಿ ನೋಡಿ ಸಾರ್" ಅಂದರೆ, "ನೀನು ಓಡಿಸಪ್ಪ" ಎಂದು ತಾವು ಹಿಂದಿನ ಸೀಟಿಗೆ ಹತ್ತುತ್ತಾರೆ. ಅದೂ ಒಂದೇ ಕಡೆ ಕಾಲು ಹಾಕಿಕೊಂಡು, ತೊಡೆಯ ಮೇಲೊಂದು ಕೈಚೀಲ ಇಟ್ಟುಕೊಂಡು. ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಹೊಸ ಗಾಡಿ ಓಡಿಸೋಕೆ ಭಯ ಅಂತ ನಾವು ನಕ್ಕಿದ್ದೇ ನಕ್ಕಿದ್ದು. ಮೊನ್ನೆ ಬೆಳಿಗ್ಗೆ ಅವರ ಹೆಂಡತಿ ಪಾಠ ಹೇಳುವ ಶಾಲೆಯ ಗೇಟಿನ ಮುಂದೆ ಇಬ್ಬರನ್ನೂ ಕಂಡೆ. ಟೀಚರಮ್ಮ ಹಳೇ ಸ್ಕೂಟರಿನ ಮೇಲಿಂದ, ಮಡಚಲಾಗದ ಮಂಡಿಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಯುತ್ತಾ, "ನಾಳೆಯಿಂದ ಆಟೋದಲ್ಲೇ ಬರ್ತೀನಿ ಬಿಡಿ, ಮಕ್ಕಳೆಲ್ಲ ನೋಡ್ತಾವೆ" ಅಂದರು. ಇವರು ಎರಡೂ ಕಾಲೂರಿ, ಗಾಡಿ ಒಂದಿಷ್ಟೂ ಅಲುಗದಂತೆ ಹಿಡಿದುಕೊಂಡಿದ್ದರು. "ಬೇಡ ಕಣೇ" ಅಂದರು. "ಬೂದು ಬಣ್ಣದ್ದರ ಸೀಟು ತಗ್ಗು, ನಾನು ಕೂತು ನೋಡಿದ್ದೀನಿ. ಅದನ್ನೇ ತರೋಣ."