ಆಯಿಯ ಹಿಮ್ಮಡಿ ಚಪ್ಪಲಿ

ನಮ್ಮೂರು ಬಸವಕಲ್ಯಾಣವನ್ನು ಆಗ ಬರೀ ಕಲ್ಯಾಣಿ ಎನ್ನುತ್ತಿದ್ದರು. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಹುಮನಾಬಾದಿನಿಂದ ನನ್ನ ಸೋದರತ್ತೆ ತಾಯಿಗೆಂದು ಚಪ್ಪಲಿ ತಂದಳು. ಅವಳ ತಾಯಿ, ಎಂದರೆ ನಮ್ಮ ಅಜ್ಜಿ ಆಯಿ, ಅಲ್ಲಿಯವರೆಗೆ ಬರಿಗಾಲಲ್ಲೇ ನಡೆದವಳು. ಹಿಮ್ಮಡಿ ಒಡೆದು ಬಿರುಕು ಬಿಟ್ಟಿದ್ದವು.

ಚಪ್ಪಲಿ ಚೆಂದವಿತ್ತು. ಕೆಳಗೆ ಎತ್ತರದ ಮರದ ಹಿಮ್ಮಡಿ, ಮೇಲೆ ಒಂದೇ ಅಗಲ ಪಟ್ಟಿ. ಆಯಿ ಅದು ಜಾರದಂತೆ ಬೆರಳು ಬಿಗಿಹಿಡಿದು, ಕಣ್ಣು ನೆಲಕ್ಕೆ ನೆಟ್ಟು ನಡೆಯುತ್ತಿದ್ದಳು. ಮಗಳು ತಂದದ್ದೆಂದು ಬಿಡಲೊಲ್ಲಳು.

ಒಂದು ಮುಂಜಾನೆ ಪಕ್ಕದ ಮನೆಯ ಖಾಲಾಗೆ ಮಜ್ಜಿಗೆ ಕೊಡಲು ಹೊರಟಳು. ಉರ್ದುವಿನಲ್ಲಿ ಚಿಕ್ಕಮ್ಮ ಎಂದು ನಾವೆಲ್ಲ ಖಾಲಾ ಎನ್ನುತ್ತಿದ್ದ ಅವರು ಆಯಿಯಷ್ಟೇ ವಯಸ್ಸಿನ ಗೆಳತಿ. ಅವರ ಬಾಗಿಲ ಮುಂದಿನ ಕಲ್ಲುಗಳ ಸಂದಿನಲ್ಲಿ ಚಪ್ಪಲಿಯ ಹಿಮ್ಮಡಿ ಸಿಕ್ಕಿಕೊಂಡಿತು. ಬಿದ್ದವಳ ಮಣಿಕಟ್ಟು ಮುರಿಯಿತು.

ಮುರಿದ ಕೈಗೆ ಕಟ್ಟಿದ್ದ ಬಿದಿರಿನ ಪಟ್ಟಿ ಬಿಚ್ಚಿ, ಕೈ ನೆಟ್ಟಗಾದರೂ ಆಯಿ ಹೊಸ್ತಿಲು ದಾಟಲಿಲ್ಲ. ಬರಿಗಾಲಲ್ಲಿ ನಿಂತರೂ ಗೋಡೆ ಹಿಡಿಯುತ್ತಿದ್ದಳು. ಖಾಲಾ ದಿನಾ ಬಂದು ಕೂಡುತ್ತಿದ್ದರು.

"ಕೈ ಬೇಷಾಗೇದ. ಮತ್ಯಾಕ ಕುಂತಿ?" ಎಂದರು ಒಮ್ಮೆ.

"ಕಾಲಿಗಿ ಮೊದ್ಲ ನೆಲ ಗೊತ್ತಾಗ್ತಿತ್ತು. ಈಗ ನಂಬಕಿ ಇಲ್ಲ," ಎಂದಳು ಆಯಿ.

ಸುದ್ದಿ ಕೇಳಿ ಬಂದ ಅತ್ತೆ ಚಪ್ಪಲಿ ಒಯ್ದು ತಿಪ್ಪೆಗೆ ಎಸೆಯಹೊರಟಳು. "ನಾನಽ ನಿನ್ನ ಕೆಡವಿದೆ," ಎಂದು ಕಣ್ಣೊರೆಸಿಕೊಂಡಳು.

ಆಯಿ ಚಪ್ಪಲಿ ಕಸಿದುಕೊಂಡಳು. "ಒಗೀಬ್ಯಾಡ. ಎತ್ತರ ತಗಸಿ ಬಿಡು. ಹಿಂದ ಪಟ್ಟಿ ಹಚ್ಚಸು. ಕಾಲು ಬಿಟ್ಟು ಓಡಬಾರ್ದು ಅದು."

ಅತ್ತೆ ಅಂದೇ ಚಪ್ಪಲಿ ಹೊಲಿಯುವ ಮೋಚಿಯ ಬಳಿ ಕೂತು ಹಾಗೆಯೇ ಮಾಡಿಸಿದಳು. ಮರ ಹೋಗಿ ತೆಳ್ಳನೆಯ ಒರಟು ತೊಗಲು ಬಂತು. ಹಿಂದೆ ಗುಂಡಿ ಹಾಕುವ ಪಟ್ಟಿ. ನೋಡಲು ಮೊದಲಿನ ಚೆಂದ ಉಳಿಯಲಿಲ್ಲ. ಆಯಿ ತೊಟ್ಟು, ಕಾಲನ್ನು ನೆಲಕ್ಕೆ ಒತ್ತಿ ಒತ್ತಿ ನೋಡಿದಳು. ಮೊದಲು ಖಾಲಾರ ತೋಳು ಹಿಡಿದು ಅಂಗಳ, ಆಮೇಲೆ ಓಣಿ. ಬರಬರುತ್ತ ತೋಳು ಬಿಟ್ಟಳು. ತಲೆ ಎತ್ತಿ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸತೊಡಗಿದಳು.

ಚಳಿಗಾಲದಲ್ಲಿ ನಾನೂ ಆಯಿಯೂ ಹುಮನಾಬಾದಿಗೆ, ಅತ್ತೆಯ ಮನೆಗೆ ಹೋದೆವು. ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಕೆಳಗೆ ನಿಂತಿದ್ದ ಅತ್ತೆ ಎರಡೂ ಕೈ ಚಾಚಿದಳು.

"ಸರಿ ಆಕಡಿ, ಇಳೀತೀನಿ," ಎಂದಳು ಆಯಿ.

ಕಂಬಿ ಹಿಡಿದು, ಒಂದೊಂದೇ ಕಾಲು ಊರಿ ಇಳಿದಳು. ಅತ್ತೆ ಮೊದಲು ಅವಳ ಪಾದ ನೋಡಿದಳು, ಆಮೇಲೆ ಮುಖ. ಬಸ್ಸು ನಿಂತಲ್ಲೇ ನೆರೆದಿದ್ದ ಸಂತೆಯ ಗದ್ದಲದೊಳಗೆ ಆಯಿ ನಮಗಿಂತ ಮುಂದೆ ನಡೆದಳು.