ಅಹ್ಮದ್ ಪಾಷಾ ಕೊಟ್ಟ ಸೀಲು ಅಸಲಿ

ಹೊರಮಾವಿನ ರೈಲ್ವೆ ಗೇಟಿನ ಆಚೆ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿನಲ್ಲಿ, ಒಂದು ಕಾರಿನ ಕೆಳಗಿನಿಂದ ಎರಡು ಕಾಲುಗಳು ಹೊರಚಾಚಿವೆ. ಕಾರಿನ ಮುಂಭಾಗ ಸೈಜುಗಲ್ಲುಗಳ ಮೇಲೆ ಕೂತಿದೆ, ಬಿಚ್ಚಿದ ಚಕ್ರಗಳು ಗೋಡೆಗೆ ಒರಗಿವೆ. ಕಾಲುಗಳ ಪಕ್ಕದಲ್ಲಿ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ. ಕೆಳಗಿನಿಂದ ಒಂದು ಕೈ ಬಂದು ಡಬ್ಬಿ ಎತ್ತಿಕೊಂಡು ಹೋಗುತ್ತದೆ, ಆಮೇಲೆ ಬಿಳಿ ಧೂಳು ಹಾರುತ್ತದೆ. ಕಾರು ರಿಪೇರಿ ಮಾಡುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಕಾರಿಗೆ ಪೌಡರು ಹಚ್ಚುವವರನ್ನಂತೂ ಕೇಳಲೇಬೇಡಿ.

"ಹೆದರಬ್ಯಾಡ್ರಿ ಅಕ್ಕಾರ, ಮಾಟ ಅಲ್ಲ" ಎಂದು ಕಾಲುಗಳ ಒಡೆಯ ಕೆಳಗಿನಿಂದಲೇ ಹೇಳುತ್ತಾರೆ. ಅವರೇ ಚಂದ್ರಾಮಪ್ಪ. ಸುರಪುರದ ಕಡೆಯವರು. ಈ ವಠಾರದ ಮೂಲೆಯ ಬಾಡಿಗೆ ಕೋಣೆಯಲ್ಲಿ ಹೆಂಡತಿ ಅಯ್ಯಮ್ಮನ ಜೊತೆ ಸಂಸಾರ ಮಾಡುತ್ತ, ಅದೇ ಕೋಣೆಯಲ್ಲಿ ಸೋರುವ ಪವರ್ ಸ್ಟೀರಿಂಗುಗಳನ್ನು ಬಿಚ್ಚಿ ಜೋಡಿಸುತ್ತಾರೆ. "ಒರೆಸಿ ಪೌಡರ್ ಹೊಡೀಬೇಕು, ಇಂಜಿನ್ ಚಾಲೂ ಮಾಡಿ ಸ್ಟೀರಿಂಗ್ ತಿರುವಬೇಕು. ಎಲ್ಲಿ ಪೌಡರ್ ಕೆಂಪಗೆ ಹಸಿ ಆಗ್ತದೋ ಅಲ್ಲೇ ಸೋರಿಕೆ. ಈ ಕೆಂಪೆಣ್ಣಿ ಮ್ಯಾಲಿಂದ ಹರಿದು ಬಂದು ಕೆಳಗ ಬೀಳ್ತದ. ಬಿದ್ದ ಜಾಗ ನೋಡಿ ನಂಬಿದ್ರ ಕೆಟ್ರಿ."

ಈ ಪೌಡರಿನ ಮಾತು ವಠಾರದ ಒಡತಿ ಚಿಕ್ಕಮುನಿಯಮ್ಮನಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಈ ಜಾಗ ಹಿಂದೆ ಅವರ ರಾಗಿ ಹೊಲ. ಈಗ ಬೆಳೆಯುವುದು ಬಾಡಿಗೆ ಕೋಣೆಗಳು. "ಕಬ್ಬಿಣಕ್ಕೆ ವಿಭೂತಿ ಬಳಿದು ಏನೋ ಮಾಡಿಸ್ತಾನೆ ಅಂದ್ಕೊಂಡಿದ್ದೆ ಕಣಮ್ಮ" ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. "ಮಾಟ ಅಲ್ಲ ಅಂತ ಗೊತ್ತಾಯ್ತು. ಆದ್ರೂ ಮನೇಲಿ ಮಾಡೋ ಕೆಲಸಾನ ಇದು? ಒಂದ್ ದಿನ ಪೊಲೀಸ್ ಬಾಗಿಲಿಗೆ ಬಂದ್ರೆ ಸಾಕು, ಖಾಲಿ ಮಾಡ್ಸಿಬಿಡ್ತೀನಿ."

ಸ್ಟೀರಿಂಗ್ ತಿರುಗಿಸಿದಾಗ ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಳ್ಳುವ ಹಲ್ಲಿನ ಸರಳು ಒಂದು ಕೊಳವೆಯೊಳಗೆ ಓಡಾಡುತ್ತದೆ. ಅದಕ್ಕೆ ರ‍್ಯಾಕ್ ಎನ್ನುತ್ತಾರೆ. ಎಣ್ಣೆಯ ಒತ್ತಡ ಅದಕ್ಕೆ ಹೆಗಲು ಕೊಡುತ್ತದೆ, ಎಣ್ಣೆಯನ್ನು ತಡೆದು ಹಿಡಿಯುವುದು ಬೆರಳುಂಗುರದಂಥ ರಬ್ಬರ್ ಸೀಲು. ಸೀಲು ಸೋತರೆ ಎಣ್ಣೆ ಖಾಲಿ, ಸ್ಟೀರಿಂಗ್ ಕಲ್ಲು. ಪವರ್ ಸ್ಟೀರಿಂಗಿನ ಕಾರುಗಳು ಊರಿನಲ್ಲಿ ಹೆಚ್ಚಾದ ತೊಂಬತ್ತರ ದಶಕದ ಕೊನೆಗೆ ಚಂದ್ರಾಮಪ್ಪ ಹಲಸೂರಿನ ಒಂದು ಗ್ಯಾರೇಜಿನಲ್ಲಿ ಕೈಯಾಳು. ಅಲ್ಲಿ ಸೋರುವ ರ‍್ಯಾಕನ್ನು ಬಿಸಾಕಿ ಹೊಸದು ಹಾಕುತ್ತಿದ್ದರು. ಬಿಸಾಕಿದ್ದನ್ನು ಇವರು ಮನೆಗೆ ತಂದು, ಯಾರೂ ಹೇಳಿಕೊಡದೆ, ಬಿಚ್ಚಿ ಬಿಚ್ಚಿ ಕಲಿತರು.

ಆ ಗ್ಯಾರೇಜಿನಿಂದ ಅವರು ಹೊರಬಿದ್ದದ್ದು ಕಳ್ಳನೆಂಬ ಹೆಸರು ಹೊತ್ತು. ಯಾರದೋ ಕಾರಿನ ಒಳ್ಳೆಯ ರ‍್ಯಾಕ್ ತೆಗೆದು ಹಳೆಯದು ಹಾಕಿದ್ದಾರೆಂದು ಆ ಕಾರಿನ ಮಾಲೀಕ ಕೂಗಾಡಿದ, ಗ್ಯಾರೇಜಿನವರು ಕೈಯಾಳನ್ನು ತೋರಿಸಿದರು. "ನಾ ತಗದಿಲ್ಲ ಅಂತ ಹೇಳಲಿಕ್ಕೆ ನನ್ನ ಬಲ್ಲಿ ಏನ್ ಸಾಕ್ಷಿ ಅದರಿ?" ಎಂದು ಈಗಲೂ ಕೇಳುತ್ತಾರೆ. ಅಂದಿನಿಂದ ಅವರದೊಂದು ಪದ್ಧತಿ. ಕಾರಿನವರು ತಮ್ಮ ಕೈಯಾರೆ ರ‍್ಯಾಕಿನ ಮೇಲೆ ಒಂದು ಗುರುತು ಹಾಕಬೇಕು. ಕುಂಕುಮ, ಬಣ್ಣ, ಮೊಳೆಯ ಗೀರು, ಏನಾದರೂ ಆದೀತು. ಗುರುತು ಬೀಳುವವರೆಗೂ ಚಂದ್ರಾಮಪ್ಪ ಸ್ಪ್ಯಾನರ್ ಎತ್ತುವುದಿಲ್ಲ.

ಇವತ್ತಿನ ರ‍್ಯಾಕಿನ ಮೇಲಿರುವುದು ಗುಲಾಬಿ ಬಣ್ಣದ ಉಗುರುಬಣ್ಣ. ಹಾಕಿದವರು ಬಾಣಸವಾಡಿಯ ವಸಂತ್ ಅವರ ಹೆಂಡತಿ ಹಂಸ. ವಸಂತ್ ಗೋಡೆಗೆ ಒರಗಿ, ಕೈಕಟ್ಟಿ, ಗುರಾಯಿಸುತ್ತ ನಿಂತಿದ್ದಾರೆ. ಅದಕ್ಕೆ ಕಾರಣವಿದೆ. ಈ ಕಾರಿಗೆ ಚಂದ್ರಾಮಪ್ಪ ಹೋದ ತಿಂಗಳು ತಾನೇ ಹೊಸ ಸೀಲು ಹಾಕಿದ್ದರು. ಮೊನ್ನೆ ಕಮ್ಮನಹಳ್ಳಿಯ ತಿರುವಿನಲ್ಲಿ ಸ್ಟೀರಿಂಗ್ ಬಿಗಿದು, ವಸಂತ್ ಹಣ್ಣಿನ ಗಾಡಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿದೆ.

"ಏನ್ ಗುರು, ಗುರುತು ಹಾಗೇ ಇದೆ ಸರಿ. ಒಳಗಡೆ ಏನ್ ಹಾಕಿದ್ದೀರೋ ಯಾರಿಗ್ ಗೊತ್ತು? ಹೆಂಡ್ತಿ ಪಕ್ಕದಲ್ಲಿ ಕೂತಿದ್ಲು. ಏನಾದ್ರೂ ಆಗಿದ್ರೆ?" ಎಂದು ವಸಂತ್ ಸಿಡುಕುತ್ತಾರೆ.

ಚಂದ್ರಾಮಪ್ಪನ ಬಳಿ ಉತ್ತರ ಸಿದ್ಧವಿದೆ. ಸೀಲು ಡೂಪ್ಲಿಕೇಟು. ಕೊಟ್ಟವರು ಶಿವಾಜಿನಗರದ ಅಹ್ಮದ್ ಪಾಷಾ. ಹಲಸೂರಿನವರು ಓಡಿಸಿದಾಗ ಇವರನ್ನು ನಂಬಿ ಮೊದಲ ಸೀಲನ್ನು ಕೈಗಿಟ್ಟವರೂ ಇದೇ ಪಾಷಾ. ಕಾರು ಮತ್ತೆ ಸೋರಿದ ಸುದ್ದಿ ಬಂದ ದಿನವೇ ಚಂದ್ರಾಮಪ್ಪ ನಡುಬಜಾರಿನಲ್ಲಿ ನಿಂತು, ನಾಲ್ಕು ಜನ ಗ್ಯಾರೇಜು ಮೇಸ್ತ್ರಿಗಳ ಎದುರಿಗೆ, "ನಕಲಿ ಮಾಲು ಕೊಟ್ಟಿ" ಎಂದು ಬೈದು ಬಂದಿದ್ದಾರೆ. ಪತ್ರಿಕೆಗೆ ಬರೆಯಲು ಬಂದ ನನ್ನ ಜೊತೆ ಮಾತಾಡಲು ಒಪ್ಪಿದ್ದೂ ಒಂದು ಷರತ್ತಿನ ಮೇಲೆ: "ಬರದ್ರ ಡೂಪ್ಲಿಕೇಟ್ ಸೀಲಿನ ಬಗ್ಗೆ ಬರೀರಿ. ಅಂಗಡಿ ಹೆಸರು ಹಾಕಿ ಬರೀರಿ."

ಹೆಸರು ಹಾಕುವುದೆಂದರೆ ಸುಮ್ಮನೆ ಅಲ್ಲವಲ್ಲ. ನಿನ್ನೆ ನಾನು ಶಿವಾಜಿನಗರಕ್ಕೆ ಹೋಗಿದ್ದೆ. ಪಾಷಾ ಅವರ ಅಂಗಡಿ ಗುಜರಿ ಸಾಲಿನಲ್ಲಿದೆ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದಷ್ಟು ಅಗಲ. ತಂತಿಗೆ ಪೋಣಿಸಿದ ಸೀಲುಗಳು ಗೋಡೆಯ ತುಂಬ ತೂಗುತ್ತಿದ್ದವು. ಪೊಟ್ಟಣವಿಲ್ಲ, ಅಚ್ಚು ಇಲ್ಲ. ಅಸಲಿ ಯಾವುದು ನಕಲಿ ಯಾವುದು ಎಂದು ದೇವರೇ ಹೇಳಬೇಕು ಅನ್ನಿಸಿತು. ಮುಚ್ಚುಮರೆ ಏಕೆ, ಪಾಷಾ ಅವರ ಮೇಲೆ ನನಗೂ ಅನುಮಾನ ಬಂತು.

"ಅವ್ನು ನನ್ನ ಒಂದ್ ಮಾತು ಕೇಳ್ಬಹುದಿತ್ತು ಮೇಡಂ" ಎಂದರು ಪಾಷಾ, ಬೆರಳಲ್ಲಿ ಒಂದು ಸೀಲನ್ನು ಸುಮ್ಮನೆ ತಿರುಗಿಸುತ್ತ. "ಬಜಾರಲ್ಲಿ ಹೇಳ್ಬಿಟ್ಟ. ಈಗ ಮೇಸ್ತ್ರಿಗಳು ನನ್ನ ಅಂಗಡಿ ದಾಟ್ಕೊಂಡು ಆ ಕಡೆ ಹೋಗ್ತಾರೆ. ನಾನೇನು ಅವರ ಹಿಂದೆ ಓಡ್ಲಾ? ಸೀಲ್ ಹೊರಗೆ ತೆಗೆದು ಅದರ ತುಟಿ ನೋಡೋಕೆ ಹೇಳಿ. ಅಷ್ಟೇ ನಂದು."

ತುಟಿ ಎಂದರೆ ಸರಳಿಗೆ ಅಂಟಿಕೊಂಡು ಎಣ್ಣೆ ತಡೆಯುವ ಸೀಲಿನ ಒಳ ಅಂಚು. ಅದನ್ನು ನೋಡುವುದಕ್ಕೇ ಇವತ್ತು ನಾವೆಲ್ಲ ಇಲ್ಲಿ ಸೇರಿದ್ದೇವೆ. ತುಟಿ ಕೆಟ್ಟಿದ್ದರೆ ಪಾಷಾ ಅವರ ಅಂಗಡಿಗೆ ಬೀಗ. ಚೆನ್ನಾಗಿದ್ದರೆ ಕೆಲಸವೇ ಕೆಟ್ಟದ್ದು ಎಂದರ್ಥ, ವಸಂತ್ ಠಾಣೆಗೆ ಹೋಗುವುದು ಖಂಡಿತ, ಚಂದ್ರಾಮಪ್ಪ ಕೋಣೆ ಖಾಲಿ ಮಾಡಬೇಕಾದೀತು. ಇಬ್ಬರಲ್ಲಿ ಒಬ್ಬರು ಸುಳ್ಳರು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಪೌಡರು ಬಲತುದಿಯಲ್ಲಿ ಕೆಂಪಗೆ ಹಸಿಯಾಗಿದೆ. ಬಿಸಿಲೇರುವ ಹೊತ್ತಿಗೆ ರ‍್ಯಾಕ್ ಕೆಳಗಿಳಿದು ಕೋಣೆಗೆ ಬರುತ್ತದೆ. ಅರ್ಧ ಕೋಣೆ ಅಡುಗೆಗೆ, ಅರ್ಧ ರ‍್ಯಾಕಿಗೆ. ಹಳೆಯ ಬಾಗಿಲೊಂದನ್ನು ಮಲಗಿಸಿ ಮೇಜು ಮಾಡಿಕೊಂಡಿದ್ದಾರೆ. ಅಯ್ಯಮ್ಮ ಜೋಳದ ಹಿಟ್ಟಿನ ಕೈ ತೊಳೆದು ಬಂದು ಎದುರಿಗೆ ಕೂರುತ್ತಾರೆ, ಏಕೆಂದರೆ ಸೀಲು ಏರಿಸುವುದು ಅವರ ಕೆಲಸ. ರ‍್ಯಾಕಿನ ಹಲ್ಲುಗಳು ಗರಗಸದಂತೆ ಚೂಪು. ಅದರ ಮೇಲೆ ಸೀಲನ್ನು ಹಾಗೇ ಜಾರಿಸಿದರೆ ತುಟಿ ಸೀಳುತ್ತದೆ. ಅದಕ್ಕೇ ಹಲ್ಲಿಗೆ ಮೊದಲು ತೆಳ್ಳನೆಯ ಹಾಳೆ ಸುತ್ತಬೇಕು. ಇವರು ಸುತ್ತುವುದು ಎಕ್ಸ್‌ರೇ ಫಿಲಂ.

"ನಂದೇ ಎಕ್ಸ್‌ರೇ ಅದು" ಎಂದು ಅಯ್ಯಮ್ಮ ಕಪ್ಪು ತುಂಡನ್ನು ಬೆಳಕಿಗೆ ಹಿಡಿಯುತ್ತಾರೆ. ಹೊಸದಾಗಿ ಊರಿನಿಂದ ಬಂದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಾಗ ಸಾರುವೆಯಿಂದ ಬಿದ್ದು ಮುರಿದ ಮೊಳಕೈ ಅದರಲ್ಲಿ ಮಸುಕಾಗಿ ಕಾಣುತ್ತದೆ. "ನನ್ನ ಮೊಳಕೈ ಎಷ್ಟ ಕಾರಿನಾಗ ಹೊಕ್ಕು ಬಂದದೋ ಏನೋ! ನಾನರ ಒಂದ್ ದಿನ ಕಾರಿನಾಗ ಕುಂತಿಲ್ಲ."

ಚಂದ್ರಾಮಪ್ಪ ಸರಳನ್ನು ಹೊರಗೆಳೆಯುತ್ತಾರೆ. ಕೊಳವೆಯೊಳಗೆ ಕೊಕ್ಕೆ ಇಳಿಸಿ ಸೀಲು ತೆಗೆದು, ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬಿಸಿಲಿಗೆ ಹಿಡಿಯುತ್ತಾರೆ. ಬಾಗಿಲಲ್ಲಿ ನಿಂತ ಚಿಕ್ಕಮುನಿಯಮ್ಮನೂ ಸೇರಿ ನಾವೆಲ್ಲ ಬಗ್ಗುತ್ತೇವೆ. ತುಟಿಯಲ್ಲಿ ಒಂದು ಸೀಳು ಎದ್ದು ಕಾಣುತ್ತಿದೆ.

"ನೋಡಿದ್ರಾ! ಡೂಪ್ಲಿಕೇಟೇ! ಬನ್ನಿ, ಆ ಪಾಷಾ ಅಂಗಡಿಗೆ ಈಗ್ಲೇ ಹೋಗೋಣ" ಎಂದು ವಸಂತ್ ಕೂಗುತ್ತಾರೆ. ನಾನೂ ಪೆನ್ನು ತೆಗೆಯುತ್ತೇನೆ. ಹೆಸರು ಹಾಕಿಯೇ ಬರೆಯಬಹುದು, ಸಾಕ್ಷಿ ಕಣ್ಣೆದುರಿಗಿದೆ.

ಚಂದ್ರಾಮಪ್ಪ ಮಾತ್ರ ಸೀಲನ್ನು ಬೆರಳಲ್ಲಿ ತಿರುಗಿಸುತ್ತಾರೆ, ಮತ್ತೆ ಬಿಸಿಲಿಗೆ ಹಿಡಿಯುತ್ತಾರೆ. ಅಯ್ಯಮ್ಮ ಗಂಡನ ಮುಖವನ್ನೇ ನೋಡುತ್ತಿದ್ದವರು ದನಿ ತಗ್ಗಿಸಿ ಕೇಳುತ್ತಾರೆ: "ಈ ಕಾರ್ ಮಾಡಿದಾಗ ನಾ ಅಕ್ಕನ ಬಾಣಂತನಕ್ಕ ಊರಿಗಿ ಹೋಗಿದ್ದೆ. ಫಿಲಂ ಸುತ್ತಿದ್ರೇನ್ರಿ?"

ಆ ಪ್ರಶ್ನೆಯ ತೂಕ ವಸಂತ್‌ಗೆ ಗೊತ್ತಾಗಿಲ್ಲ, ಅರ್ಧ ಕ್ಷಣ ನನಗೂ ಗೊತ್ತಾಗಿಲ್ಲ. ಚಂದ್ರಾಮಪ್ಪ ಒಂದು ಮಾತು ಆಡದಿದ್ದರೂ ಸಾಕಿತ್ತು. ವಸಂತ್ ನಂಬಿಯಾಗಿತ್ತು, ನಾನು ಬರೆದುಬಿಡುತ್ತಿದ್ದೆ, ಚಿಕ್ಕಮುನಿಯಮ್ಮ ಬಾಗಿಲಿನಿಂದ ಹೊರಟೂ ಹೋಗುತ್ತಿದ್ದರು. ಚಂದ್ರಾಮಪ್ಪ ಸೀಲಿನ ಸೀಳನ್ನು ರ‍್ಯಾಕಿನ ಒಂದು ಹಲ್ಲಿಗೆ ತಂದು ಕೂರಿಸುತ್ತಾರೆ. ಅಳತೆ ತೆಗೆದಂತೆ ಕೂತುಕೊಳ್ಳುತ್ತದೆ.

"ಸುತ್ತಿಲ್ಲ" ಎನ್ನುತ್ತಾರೆ. "ಫಿಲಂ ನೀ ಎಲ್ಲಿ ಇಟ್ಟೀಯೋ, ಸಿಗಲಿಲ್ಲ. ಮ್ಯಾಲ ಟೇಪ್ ಸುತ್ತಿ ಜಾರಿಸಿದೆ. ಟೇಪ್ ಹರದದ. ಇದು ಹಲ್ಲಿನ ಗಾಯ ವಸಂತ್ ಸಾಹೇಬ್ರ, ರಬ್ಬರ್ ಛಲೋ ಅದ. ತಪ್ಪು ನಂದು."

ವಸಂತ್‌ಗೆ ಬಯ್ಯಬೇಕೋ ಬಿಡಬೇಕೋ ತಿಳಿಯದೆ ಮುಖ ಕೆಂಪಾಗುತ್ತದೆ. "ಇಷ್ಟ್ ದಿನ ಪಾಷಾ ಪಾಷಾ ಅಂತಿದ್ರಲ್ಲ ಗುರು!" ಎನ್ನುತ್ತಾರೆ ಕೊನೆಗೆ. ಆದರೂ ಬಾಗಿಲ ಹೊರಗಿನ ಸೈಜುಗಲ್ಲಿನ ಮೇಲೆ ಹೋಗಿ ಕೂರುತ್ತಾರೆ, ಠಾಣೆಗೆ ಹೋಗುವುದಿಲ್ಲ. ಚಿಕ್ಕಮುನಿಯಮ್ಮ ನನ್ನ ಕಡೆ ತಿರುಗಿ, "ಒಪ್ಕೊಂಡ್ನಲ್ಲ, ಬಿಡಮ್ಮ" ಎನ್ನುತ್ತಾರೆ. ನನಗಂತೂ ಎದೆ ತುಂಬಿ ಬಂದಿದೆ, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಮಧ್ಯಾಹ್ನ ಚಂದ್ರಾಮಪ್ಪ ಮುಖ ತೊಳೆದು, ಶುಭ್ರವಾದ ಅಂಗಿ ತೊಟ್ಟು, ಸೀಳಿದ ಸೀಲನ್ನು ಕಾಗದದಲ್ಲಿ ಸುತ್ತಿಕೊಂಡು ಶಿವಾಜಿನಗರದ ಬಸ್ಸು ಹತ್ತುತ್ತಾರೆ. ನಾನೂ ಜೊತೆಗಿದ್ದೇನೆ. "ಸಂಜೀಕ ಹೋದ್ರ ಬಜಾರ್ ಖಾಲಿ ಇರ್ತದ. ಬೈದಾಗ ಮಂದಿ ಇತ್ತು, ಈಗೂ ಇರಬೇಕು" ಎನ್ನುತ್ತಾರೆ. ಪಾಷಾ ಅವರ ಅಂಗಡಿಯ ಮುಂದೆ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ, ದಖನಿ ಉರ್ದುವಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳುತ್ತಾರೆ: ಸೀಲು ಅಸಲಿ, ಕೆಡಿಸಿದ್ದು ನಾನು.

ಪಾಷಾ ಸೀಲನ್ನು ತೆಗೆದುಕೊಂಡು ತುಟಿಯ ಮೇಲೆ ಉಗುರು ಆಡಿಸುತ್ತಾರೆ. ತಂತಿಯಿಂದ ಹೊಸದೊಂದನ್ನು ಬಿಡಿಸಿ ಮುಂದಿಡುತ್ತಾರೆ, ಪಕ್ಕದಲ್ಲಿ ಒಂದು ಪೆನ್ನನ್ನೂ ಇಡುತ್ತಾರೆ.

"ಗುರುತು ಹಾಕು ಚಂದ್ರಾಮ. ನಾಳೆ ಬದಲಾಯಿಸಿದೆ ಅಂತ ಹೇಳ್ಬೇಡ."

ಚಂದ್ರಾಮಪ್ಪ ಪೆನ್ನನ್ನು ನೋಡುತ್ತಾರೆ. ಪ್ರತಿ ಸೀಲನ್ನೂ ಬಿಸಿಲಿಗೆ ಹಿಡಿದು, ಮೂಸಿ, ಎಳೆದು ನೋಡುವವರು ಈ ಸೀಲನ್ನು ತಿರುಗಿಸಿಯೂ ನೋಡದೆ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಪೆನ್ನನ್ನು ಪಾಷಾ ಅವರ ಕಡೆಗೇ ಸರಿಸುತ್ತಾರೆ. ಪಾಷಾ ಬೇರೆ ಕಡೆ ಮುಖ ತಿರುಗಿಸಿ, ಎದುರಿನ ಹೋಟೆಲಿಗೆ ಎರಡು ಚಹಾ ಎಂದು ಕೂಗುತ್ತಾರೆ. ನನ್ನನ್ನು ಲೆಕ್ಕಕ್ಕೆ ಹಿಡಿದಿಲ್ಲ, ಪರವಾಗಿಲ್ಲ.

ಬಸ್ ನಿಲ್ದಾಣದವರೆಗೆ ನಡೆಯುತ್ತ ಕೇಳುತ್ತೇನೆ: ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ, ಏನಾದರೂ ಆಸೆ ಇದ್ದರೆ ಹೇಳಿ. ಒಂದು ಸ್ವಂತ ಗ್ಯಾರೇಜು, ಒಂದು ಬೋರ್ಡು ಎಂದಾರು ಅಂದುಕೊಂಡಿದ್ದೇನೆ.

"ನನ್ನ ಬಗ್ಗೆ ಏನರ ಬರಕೊಳ್ರಿ ಅಕ್ಕಾರ. ಫಿಲಂ ಸುತ್ತಿಲ್ಲಂತಾನೂ ಬರೀರಿ. ಆದ್ರ ಬಜಾರಿನ ಮಂದಿ ಪೂರಾ ಪೇಪರ್ ಓದಂಗಿಲ್ರಿ, ದೊಡ್ಡ ಅಕ್ಷರ ಅಷ್ಟೇ ಓದ್ತಾರ. ಪಾಷಾ ಅವರ ಸೀಲು ಅಸಲಿ ಅನ್ನೂ ಮಾತು ಅಲ್ಲಿ ಹಾಕ್ರಿ."

ಹಾಕಿದ್ದೇನೆ.